ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಕ್ಕೆ ಇಆರ್‌ಪಿ ಸಾಫ್ಟ್‌ವೇರಿನಿಂದ ಏನು ಲಾಭ?

ಲಾಭ ಖಂಡಿತ ಇದೆ. ಇಆರ್‌ಪಿ ಅಂದರೆ ಖರೀದಿ, ದಾಸ್ತಾನು, ಬಿಲ್ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್. ಈಗ ಖರೀದಿ ಒಂದು ಪುಸ್ತಕದಲ್ಲಿ, ಕೋಲ್ಡ್ ಸ್ಟೋರೇಜಿನ ದಾಸ್ತಾನು ಇನ್ನೊಂದರಲ್ಲಿ, ಬಿಲ್ ಬೇರೆ ಕಂಪ್ಯೂಟರಿನಲ್ಲಿ ಇರುತ್ತದೆ, ಅಲ್ವಾ? ಒಂದೇ ಲಾಟನ್ನು ಇಬ್ಬರಿಗೆ ಒಪ್ಪಿಕೊಳ್ಳುವ ಅಪಾಯ ಹುಟ್ಟುವುದು ಇಲ್ಲೇ.

ಇಆರ್‌ಪಿಯಲ್ಲಿ ಎಲ್ಲ ವಿಭಾಗಕ್ಕೂ ಡೇಟಾಬೇಸ್ ಒಂದೇ. ಆರ್ಡರ್ ಒಪ್ಪಿದ ಕೂಡಲೇ ಆ ಲಾಟನ್ನು ತೆಗೆದಿಡಬಹುದು. ಮಾಲು ಹೊರಟಾಗ ದಾಸ್ತಾನು ಇಳಿಯುತ್ತದೆ. ಜಿಎಸ್‌ಟಿ ಬಿಲ್, ಇ-ವೇ ಬಿಲ್ (ಮಾಲು ಸಾಗಣೆಗೆ ಬೇಕಾದ ಜಿಎಸ್‌ಟಿ ದಾಖಲೆ), ಗ್ರಾಹಕರ ಬಾಕಿ ಎಲ್ಲಕ್ಕೂ ಅದೇ ಮಾಹಿತಿ ಸಾಕು. ಮತ್ತೆ ಮತ್ತೆ ಟೈಪ್ ಮಾಡುವ ಕೆಲಸವಿಲ್ಲ, ತಪ್ಪೂ ಕಮ್ಮಿ. ರಫ್ತು ಮಾಡುವವರಿಗಂತೂ ಇದು ಬೇಕೇ ಬೇಕು: ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಹುಟ್ಟುವ ವಿಷ) ತಕರಾರು ಬಂದರೆ ಚೀಲ ಯಾವ ಖರೀದಿಯದ್ದು ಎಂದು ಹಿಂದಕ್ಕೆ ಹುಡುಕಬಹುದು.

ಆದರೆ ತೂಕವನ್ನು ಆಗಿಂದಾಗ ದಾಖಲಿಸದೆ ಸಂಜೆ ಒಟ್ಟಿಗೆ ಬರೆಯುವ ರೂಢಿ ಉಳಿದರೆ ಇದ್ಯಾವುದೂ ನಡೆಯುವುದಿಲ್ಲ. ಮೊದಲು ಗೋದಾಮಿನವರಿಗೆ ಚೆನ್ನಾಗಿ ಕಲಿಸಿ.