ಗರ್ಭ ನಿಲ್ಲುವ ಮೊದಲೇ ಫೋಲಿಕ್ ಆಸಿಡ್ ಮಾತ್ರೆ ಯಾಕೆ? ದಿನಾ ಸೊಪ್ಪು ತಿಂದರೆ ಸಾಲದಾ?

ಮಗುವಿಗೆ ಪ್ರಯತ್ನಿಸುತ್ತಿದ್ದೀರಿ, ಡಾಕ್ಟರ್ ಈಗಲೇ ಮಾತ್ರೆ ಬರೆದಿದ್ದಾರೆ, ದಿನಾ ಸೊಪ್ಪು ತಿನ್ನುವ ನಿಮಗೂ ಅದು ಬೇಕಾ ಅಂತ ಕೇಳಿದ್ದೀರಿ. ಬೇಕು. ಬಯೋಕೆಮಿಸ್ಟ್ರಿ ಪಾಠ ಮಾಡುವವಳಾಗಿ ನಾನು ಇದನ್ನು ಒತ್ತಿ ಹೇಳುತ್ತೇನೆ.

ಮಗುವಿನ ಮೆದುಳು, ಬೆನ್ನುಹುರಿ ಆಗಬೇಕಾದ ನರಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ, ಟೆಸ್ಟ್ ಮಾಡಿ, ಡಾಕ್ಟರ್ ಹತ್ತಿರ ಹೋಗುವಷ್ಟರಲ್ಲಿ ಆ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ. ಸರಿಯಾಗಿ ಮುಚ್ಚದಿದ್ದರೆ ಸ್ಪೈನಾ ಬೈಫಿಡಾದಂಥ (ಬೆನ್ನೆಲುಬು, ಬೆನ್ನುಹುರಿ ಪೂರ್ತಿ ಮುಚ್ಚಿಕೊಳ್ಳದ) ತೊಂದರೆ. ಹಿಂದೆ ಅಂಥ ಗರ್ಭ ಆಗಿದ್ದ ತಾಯಂದಿರಿಗೆ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್ ಕೊಟ್ಟು ನೋಡಿತು. ಮತ್ತೆ ಹಾಗಾಗುವುದು ಶೇಕಡಾ 72ರಷ್ಟು ಕಡಿಮೆಯಾಯಿತು. ಇದು 1991ರ ಫಲಿತಾಂಶ. ಅಂಥ ಹಿನ್ನೆಲೆ ಇಲ್ಲದವರಿಗೆ ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಸಕ್ಕರೆ ಕಾಯಿಲೆ ಇದ್ದರೆ, ಫಿಟ್ಸ್ ಮಾತ್ರೆ ತಗೊಳ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಡೋಸ್ ಬೇರೆ ಆಗಬಹುದು.

ಜೀವಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎ ನಕಲು ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಥೈಮಿನ್ ಎಂಬ ಡಿಎನ್‌ಎ ಘಟಕ ತಯಾರಾಗಲು ಫೋಲೇಟ್ (ಊಟದಲ್ಲಿ ಸಿಗುವ ಬಿ ವಿಟಮಿನ್; ಫೋಲಿಕ್ ಆಸಿಡ್ ಅದರ ಮಾತ್ರೆ ರೂಪ) ಒಂದು ಇಂಗಾಲದ ಪರಮಾಣುವನ್ನು ಹೊತ್ತು ತಂದು ಕೊಡುತ್ತದೆ. ಹಾಗಾಗಿ ಬೇಗ ಬೇಗ ಬೆಳೆಯುವ ಜಾಗದಲ್ಲೇ ಕೊರತೆ ಮೊದಲು ಕಾಣುವುದು: ಭ್ರೂಣದಲ್ಲಿ, ರಕ್ತ ತಯಾರಾಗುವ ಮಜ್ಜೆಯಲ್ಲಿ. ಇದರ ಮೊದಲ ಸುಳಿವು ಸಿಕ್ಕಿದ್ದು ನಮ್ಮ ಬಾಂಬೆಯಲ್ಲೇ. ಅಲ್ಲಿನ ಬಡ ಗರ್ಭಿಣಿಯರ ರಕ್ತಹೀನತೆ ಈಸ್ಟ್ ಸಾರದಿಂದ ವಾಸಿಯಾಗುತ್ತದೆ ಎಂದು ಲೂಸಿ ವಿಲ್ಸ್ ಎಂಬ ವೈದ್ಯೆ 1931ರಲ್ಲಿ ಬರೆದರು. ಅದರೊಳಗಿದ್ದದ್ದು ಫೋಲೇಟ್ ಎಂದು ಗೊತ್ತಾಗಿದ್ದು ಆಮೇಲೆ.

ಸೊಪ್ಪು, ಕಾಳು ಖಂಡಿತ ತಿನ್ನಿ. ಆದರೆ ಫೋಲೇಟ್ ಬಿಸಿಗೆ ಹಾಳಾಗುತ್ತದೆ, ಬೇಯಿಸಿದ ನೀರಿಗೂ ಇಳಿಯುತ್ತದೆ. ಬಸ್ಸಾರು ಮಾಡುವವರು ಆ ನೀರನ್ನು ಚೆಲ್ಲುವುದಿಲ್ಲ, ಒಳ್ಳೆಯದೇ. ಆದರೂ ಊಟದ ಫೋಲೇಟಿಗಿಂತ ಮಾತ್ರೆಯದ್ದು ದೇಹಕ್ಕೆ ಜಾಸ್ತಿ ಹತ್ತುತ್ತದೆ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಸಸ್ಯಾಹಾರಿಯಾಗಿದ್ದರೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಬಿ12 ಕೊರತೆ ಇದ್ದಾಗ ಬರೀ ಫೋಲಿಕ್ ಆಸಿಡ್ ತಗೊಂಡರೆ ರಕ್ತಹೀನತೆ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರಗಳ ಹಾನಿ ಮಾತ್ರ ಮುಂದುವರಿಯುತ್ತದೆ. ಕೈಕಾಲು ಜುಮ್ಮೆನ್ನುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಕೊರತೆ ಇದ್ದರೆ ಎರಡನ್ನೂ ಕೊಡುತ್ತಾರೆ. ಆ ರಿಪೋರ್ಟ್ ಬರಲಿ ಅಂತ ಫೋಲಿಕ್ ಆಸಿಡ್ ಶುರು ಮಾಡುವುದನ್ನು ಮುಂದೆ ಹಾಕಬೇಡಿ, ಗರ್ಭ ನಿಂತ ಮೇಲೂ ಮೊದಲ ಮೂರು ತಿಂಗಳು ಬಿಡಬೇಡಿ.