ಆಪರೇಷನ್‌ಗೆ ಮೊದಲು ನೋಡಬೇಕಾದ ರಾತ್ರಿ 10 ಗಂಟೆಯ ಹಸಿವು

ತೂಕ ಇಳಿಸುವ ಆಪರೇಷನ್‌ಗೆ ಮೊದಲು ಆಪ್ತಸಲಹೆಗಾರರನ್ನ ಒಮ್ಮೆ ನೋಡಿ ಬನ್ನಿ ಅಂತ ಡಾಕ್ಟರು ಹೇಳಿದರೆ, ಜಾಸ್ತಿ ಜನ ಅದನ್ನ ಒಂದು ಸಹಿಯ ಕೆಲಸ ಅಂದುಕೊಂಡೇ ನನ್ನ ಹತ್ತಿರ ಬರುತ್ತಾರೆ. ರಕ್ತಪರೀಕ್ಷೆ ಆಯ್ತು, ಎಂಡೋಸ್ಕೋಪಿ ಆಯ್ತು, ಹೃದಯದ ಡಾಕ್ಟರು ನೋಡಿದ್ರು, ಇನ್ನು ಇದೊಂದು ಬಾಕಿ. ಕುಮಟಾ ಕಡೆಯ ಈ ಅಕ್ಕನೂ ಹಾಗೇ ಬಂದಿದ್ದರು. ಶಾರದಾ ಅಂತ ಕರೆಯೋಣ. ಹೆಸರು ಬದಲಿಸಿದ್ದೇನೆ, ಗುರುತು ಸಿಗಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ.

ವಯಸ್ಸು 41. ಎತ್ತರ 155 ಸೆಂಟಿಮೀಟರ್, ತೂಕ 108 ಕಿಲೋ, ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಲೆಕ್ಕ) 45ರ ಹತ್ತಿರ. ಸಕ್ಕರೆ ಕಾಯಿಲೆಗೆ ಮಾತ್ರೆ, ಮೊಣಕಾಲು ನೋವು, ರಾತ್ರಿ ಗೊರಕೆ ಹೊಡೆಯುವಾಗ ಉಸಿರು ಕಟ್ಟಿ ಎಚ್ಚರವಾಗುವುದು. ಹುಬ್ಬಳ್ಳಿಯ ಡಾಕ್ಟರು ಸ್ಲೀವ್ ಆಪರೇಷನ್, ಅಂದರೆ ಹೊಟ್ಟೆಯ ಗಾತ್ರ ಕಡಿಮೆ ಮಾಡುವ ಆಪರೇಷನ್, ಮಾಡಬಹುದು ಅಂದಿದ್ದರು. ನಮ್ಮ ಕಡೆಯವರು ಇಂಥದಕ್ಕೆಲ್ಲ ಹೋಗೋದು ಹುಬ್ಬಳ್ಳಿಗೆ, ಮಂಗಳೂರಿಗೆ, ಮಣಿಪಾಲಕ್ಕೆ, ಇಲ್ಲ ಗೋವಾಕ್ಕೆ. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ರಾತ್ರಿ ವಾಂತಿ ಶುರುವಾದರೆ ಆ ಡಾಕ್ಟರು ಘಟ್ಟದ ಆಚೆಯೋ ದೂರದ ಊರಲ್ಲೋ ಇರುತ್ತಾರೆ. ಹಾಗಾಗಿ ಕರಾವಳಿಯವರು ಪೂರ್ತಿ ತಯಾರಾಗಿಯೇ ಹೋಗಬೇಕು ಅಂತ ನಾನು ಹಠ ಹಿಡಿಯುತ್ತೇನೆ.

"ಬರೆದು ಕೊಡಿ ಮೇಡಂ, ನವರಾತ್ರಿ ಒಳಗೆ ಮುಗಿಸ್ಕೊಂಡು ಬಿಡ್ತೆ" ಅಂದರು. ಆಪರೇಷನ್ ಆದ ಮೇಲೆ ನಿಮ್ಮ ಜೀವನದಲ್ಲಿ ಏನೇನು ಬದಲಾಗಬೇಕು ಅಂತ ಕೇಳಿದೆ. ಮೊಣಕಾಲು ಅಂದರು, ಸಕ್ಕರೆ ಅಂದರು. ಆಮೇಲೆ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತ, "ಇವರು ನನ್ನನ್ನ ಮದುವೆ ಮನೆಗೆಲ್ಲ ಕರ್ಕೊಂಡು ಹೋಗ್ತಾರೇನೋ" ಅಂದರು.

ಗಂಡ ಗೋವಾದಲ್ಲಿ ಕೆಲಸ, ಶನಿವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾರೆ. ಮಗ ಪಿಯುಸಿ ಮುಗಿಸಿ ಮಂಗಳೂರಿಗೆ ಓದಲು ಹೋದ. ಮನೆಯಲ್ಲಿ ಶಾರದಾ ಮತ್ತು ಅತ್ತೆ. ಅತ್ತೆ 8 ಗಂಟೆಗೇ ಮಲಗುತ್ತಾರೆ.

ಏನು ತಿನ್ನುತ್ತೀರಿ ಅಂತ ಕೇಳಿದರೆ ಎಲ್ಲರೂ ಹೇಳುವುದು ಒಂದೇ, "ನಾನು ಜಾಸ್ತಿ ತಿನ್ನೋದೇ ಇಲ್ಲ". ಅದು ಸುಳ್ಳಲ್ಲ, ನಿಜವಾಗಿ ಅವರಿಗೆ ಹಾಗೇ ಅನಿಸಿರುತ್ತದೆ. ಯಾಕೆಂದರೆ ತಟ್ಟೆ ಹಾಕಿಕೊಂಡು ಕೂತು ತಿಂದದ್ದು ಮಾತ್ರ ಊಟ ಅಂತ ಲೆಕ್ಕ. ನಿಂತಲ್ಲೇ ಬಾಯಿಗೆ ಹಾಕಿಕೊಂಡದ್ದು, ಹಾಳಾಗ್ತದಲ್ಲ ಅಂತ ಪಾತ್ರೆಯ ತಳ ಬಳಿದು ತಿಂದದ್ದು, ಇದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಬರೆದಿಡಲು ಹೇಳಿದೆ. ಎಷ್ಟು ಕ್ಯಾಲೊರಿ ಅಂತ ಬೇಡ. ಎಷ್ಟು ಗಂಟೆಗೆ, ಏನು, ಹಸಿವಿತ್ತೋ ಇಲ್ಲವೋ, ಅದಕ್ಕೆ ಸ್ವಲ್ಪ ಮುಂಚೆ ಏನಾಯ್ತು, ಇಷ್ಟೇ ಸಾಕು.

ಅವರು ಹಳೆ ಗೋಡೆ ಕ್ಯಾಲೆಂಡರ್ ಹಾಳೆಗಳ ಹಿಂದೆ ಬರೆದು ತಂದರು. ಒಂದು ಸಾಲು ಹೀಗಿತ್ತು: "ಬುಧವಾರ, ರಾತ್ರಿ 10. ಹಲಸಿನಕಾಯಿ ಚಿಪ್ಸ್ ಅರ್ಧ ಡಬ್ಬಿ. ಹಸಿವು ಇಲ್ಲ. ಮಗನ ಫೋನ್ ಬರ್ಲಿಲ್ಲ." ಗುರುವಾರ: "10 ಕಾಲು. ಅವಲಕ್ಕಿ, ಜೋನಿಬೆಲ್ಲ, ಕಾಯಿ. ಹಸಿವು ಇಲ್ಲ. ಫೋನ್ ಬಂತು, ಎರಡೇ ನಿಮಿಷ ಮಾತಾಡ್ದ." ಓದಿ ಹೇಳುವಾಗ ಅವರಿಗೇ ಅಳು ಬಂತು. ಅವತ್ತು ನಾವು ಆಹಾರದ ಬಗ್ಗೆ ಮಾತಾಡಲಿಲ್ಲ. ಮಗ ಹೋದ ಮೇಲಿನ ಮನೆಯ ಬಗ್ಗೆ ಮಾತಾಡಿದೆವು.

ಇಲ್ಲಿ ಆಪರೇಷನ್ ಏನು ಮಾಡುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಲೀವ್‌ನಲ್ಲಿ ಹೊಟ್ಟೆಯ ಸುಮಾರು ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆದು, ಉದ್ದನೆಯ ಕೊಳವೆಯಂಥ ಭಾಗ ಮಾತ್ರ ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಜಾಸ್ತಿ ತಯಾರಾಗುವುದು ತೆಗೆದುಹಾಕುವ ಆ ಮೇಲ್ಭಾಗದಲ್ಲೇ. ಹಾಗಾಗಿ ಮೊದಲ ಕೆಲವು ತಿಂಗಳು ಹಲವರಿಗೆ ಹಸಿವೇ ಆಗುವುದಿಲ್ಲ. ಆದರೆ ಶಾರದಾ ಬರೆದ ಹಾಳೆ ನೋಡಿ, ರಾತ್ರಿ 10 ಗಂಟೆಗೆ ಅವರಿಗೆ ಮೊದಲೂ ಹಸಿವು ಇರಲಿಲ್ಲ! ಕತ್ತರಿ ಹೊಟ್ಟೆಗೆ ಬೀಳುತ್ತದೆ, ಆ 10 ಗಂಟೆ ಹಾಗೇ ಇರುತ್ತದೆ. ಅದನ್ನ ಮೊದಲೇ ಗುರುತಿಸದೆ ಆಪರೇಷನ್ ಮಾಡಿಸಿಕೊಂಡವರು ಎರಡು ಥರ ಕಷ್ಟಪಡುತ್ತಾರೆ. ಕೆಲವರು ತಿನ್ನಲಾಗದೆ ಒಳಗೊಳಗೇ ಕುಗ್ಗುತ್ತಾರೆ, ಅಷ್ಟು ವರ್ಷದ ಸಮಾಧಾನ ಒಂದೇ ದಿನಕ್ಕೆ ಕಿತ್ತುಕೊಂಡ ಹಾಗೆ. ಕೆಲವರು ಬೇರೆ ದಾರಿ ಹಿಡಿಯುತ್ತಾರೆ, ಅದರಲ್ಲೂ ಕುಡಿತ. ಈ ಆಪರೇಷನ್‌ಗಳ ನಂತರ, ಮುಖ್ಯವಾಗಿ ಹೊಟ್ಟೆಯ ಬೈಪಾಸ್ (ಹೊಟ್ಟೆ ಚಿಕ್ಕದು ಮಾಡಿ ನೇರ ಕರುಳಿಗೆ ಜೋಡಿಸುವ ಇನ್ನೊಂದು ಆಪರೇಷನ್) ಆದವರಲ್ಲಿ, ಮದ್ಯ ಬೇಗ ರಕ್ತಕ್ಕೆ ಸೇರಿ ಬೇಗ ಏರುತ್ತದೆ. ಗಂಡಸರು ಬಂದಾಗ ಇದನ್ನ ನಾನು ಮುಚ್ಚುಮರೆ ಇಲ್ಲದೆ ಕೇಳುತ್ತೇನೆ.

ಶಾರದಾರಿಗೂ ನೇರವಾಗಿ ಕೇಳಿದೆ. ತಡೆಯಲಾಗದೆ ಒಂದೇ ಸಲಕ್ಕೆ ಸಿಕ್ಕಾಪಟ್ಟೆ ತಿಂದು ಆಮೇಲೆ ನಾಚಿಕೆಯಿಂದ ಮುಚ್ಚಿಡುವುದು ಎಷ್ಟು ಸಲ ಆಗ್ತದೆ? ಬದುಕೇ ಬೇಡ ಅನಿಸಿದ್ದುಂಟಾ? ಬದುಕು ಬೇಡ ಅನಿಸಿಲ್ಲ ಅಂದರು. ಬೇಸರ ಇತ್ತು, ಮುಚ್ಚಿಟ್ಟು ತಿನ್ನುವುದು ವಾರಕ್ಕೆ ಒಂದೆರಡು ಸಲ ಇತ್ತು. ಮನೋವೈದ್ಯರ ಹತ್ತಿರ ಒಮ್ಮೆ ಕಳಿಸಿದೆ, ಅವರು ಮಾತ್ರೆ ಸದ್ಯಕ್ಕೆ ಬೇಡ, ಆಪ್ತಸಲಹೆ ಮುಂದುವರಿಸಿ ಅಂದರು. ನಾನು ಹುಬ್ಬಳ್ಳಿಯ ಡಾಕ್ಟರಿಗೆ ಬರೆದೆ: ಆಪರೇಷನ್ ಬೇಡ ಅಂತಲ್ಲ, ಮೂರು ತಿಂಗಳು ತಡವಾಗಿ ಮಾಡೋಣ. ಅವರು ಒಪ್ಪಿದರು. ಶಾರದಾರಿಗೆ ಸಿಟ್ಟು ಬಂತು, ನನ್ನ ಫೇಲ್ ಮಾಡಿದ್ರಿ ಅಂದರು. ಇದು ಪಾಸು ಫೇಲಿನ ಮಾತೇ ಅಲ್ಲ ಅಕ್ಕ, ಇಷ್ಟು ವರ್ಷ ತಡೆದಿದ್ದೀರಿ, ತುಳಸಿ ಮದುವೆ ಕಳೆಯಲಿ ಅಂದೆ.

ಆ ಮೂರು ತಿಂಗಳಲ್ಲಿ ಏನು ಮಾಡಿದೆವು ಅನ್ನುವುದೇ ಈ ಪ್ರಕರಣದಲ್ಲಿ ಬೇರೆಯವರಿಗೆ ಉಪಯೋಗವಾಗುವ ಭಾಗ.

ಮೊದಲು ರಾತ್ರಿಯದು. ಮಗನ ಫೋನಿಗೆ ಕಾಯುವುದನ್ನ ನಿಲ್ಲಿಸಿ, ಬುಧವಾರ ಮತ್ತು ಭಾನುವಾರ 9 ಗಂಟೆಗೆ ತಾನೇ ಮಾಡುವುದು ಅಂತ ಮಗನ ಜೊತೆ ಮಾತಾಡಿಕೊಂಡರು. ಊಟ ಆದ ಕೂಡಲೇ ಹಲ್ಲುಜ್ಜಿ, ಅಡುಗೆಮನೆ ದೀಪ ಆರಿಸಿ, ಚಿಪ್ಸ್ ಡಬ್ಬಿ ಅತ್ತೆಯ ಕೋಣೆಗೆ ಹೋಯಿತು. ಬಾಯಿ ಬೇಡಿದರೆ 15 ನಿಮಿಷ ಕಾಯುವುದು, ಅಷ್ಟರಲ್ಲಿ ಆ ಆಸೆ ಮೇಲೆದ್ದು ಇಳಿಯುತ್ತದಾ ಅಂತ ಸುಮ್ನೆ ಗಮನಿಸುವುದು. ಬರೀ ಕಾಯಿ ಅಂದರೆ ಯಾರಿಂದಲೂ ಆಗುವುದಿಲ್ಲ, ಕೈಗೆ ಕೆಲಸ ಬೇಕು. ಅವರು ಅಂಗಳದ ಅಬ್ಬಲಿಗೆ ಹೂವನ್ನ ಸಂಜೆ ಕೊಯ್ದಿಟ್ಟು ಆ ಹೊತ್ತಿಗೆ ಮಾಲೆ ಕಟ್ಟಲು ಕೂತರು. ಮೊಬೈಲಿನಲ್ಲಿ ಯಕ್ಷಗಾನ ಹಾಕಿಕೊಂಡು. ಎರಡೂ ಕೈಗೆ ಬಾಳೆನಾರು ಇದ್ದಾಗ ಡಬ್ಬಿಗೆ ಕೈ ಹಾಕೋದು ಹೇಗೆ?

ಎರಡನೆಯದು ವೇಗ. ಮದುವೆಯಾದಾಗಿನಿಂದ ಎಲ್ಲರಿಗೂ ಬಡಿಸಿ ಕೊನೆಗೆ, ಅರ್ಧ ನಿಂತೇ ತಿಂದವರು. ಒಂದು ತಟ್ಟೆ ಅನ್ನ ಸಾರು ಆರೇಳು ನಿಮಿಷದಲ್ಲಿ ಖಾಲಿ. ಆಪರೇಷನ್ ಆದ ಮೇಲೆ ಹೀಗೆ ತಿಂದರೆ ಎದೆ ಹಿಡಿದ ಹಾಗಾಗಿ ವಾಂತಿ ಬರುತ್ತದೆ. ಸಣ್ಣ ಬಟ್ಟಲು, ಚಹಾದ ಚಮಚ, ಕೂತು, 20ರಿಂದ 30 ನಿಮಿಷ, ನುಣ್ಣಗಾಗುವವರೆಗೆ ಜಗಿದು. ಮೊದಲ ವಾರ ಅವರಿಗೆ ಇದು ಅವಮಾನ ಅನಿಸಿತು, ಚಿಕ್ಕ ಮಕ್ಕಳ ಊಟದ ಹಾಗೆ ಅಂದರು. ಅತ್ತೆಯ ಜೊತೆಗೇ ಕೂತು ಉಣ್ಣಲು ಶುರು ಮಾಡಿದ ಮೇಲೆ ನಿಧಾನ ತಾನಾಗೇ ಬಂತು, ಯಾಕೆಂದರೆ ಅತ್ತೆಗೆ ಹಲ್ಲಿಲ್ಲ, ಅವರ ಊಟ ಮುಗಿಯೋದಕ್ಕೇ ಅರ್ಧ ಗಂಟೆ ಬೇಕು.

ಕುಡಿಯುವುದು ಇನ್ನೊಂದು. ನಮ್ಮ ಕಡೆ ಊಟದ ಜೊತೆ ಏನಾದರೂ ಕುಡಿಯದೆ ಆಗುವುದಿಲ್ಲ. ಕರಾವಳಿಯಲ್ಲಿ ಸೋಲ್ ಕಡಿ, ಶಿರಸಿ ಕಡೆ ತಂಬುಳಿ, ಅಪ್ಪೆಹುಳಿ, ಎಲ್ಲ ಕಡೆ ಮಜ್ಜಿಗೆ. ಆಪರೇಷನ್ ಆದವರು ಊಟದ ಜೊತೆ ಕುಡಿಯಬಾರದು, ಊಟ ಆಗಿ ಸುಮಾರು ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು. ತಂಬುಳಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ, 4 ಗಂಟೆಗೆ ಕುಡಿಯಿರಿ ಅನ್ನುತ್ತೇನೆ. ಇಷ್ಟದ ಒಂದೊಂದೇ ವಸ್ತು ಕಿತ್ತುಕೊಳ್ಳುತ್ತ ಹೋದರೆ ಮನುಷ್ಯ ಎಷ್ಟು ದಿನ ತಡೆದಾನು?

ತಟ್ಟೆಯಲ್ಲಿ ಮೊದಲು ಪ್ರೋಟೀನು, ಆಮೇಲೆ ಪಲ್ಯ, ಕೊನೆಗೆ ಜಾಗ ಉಳಿದರೆ ಅನ್ನ. ಆಪರೇಷನ್ ನಂತರ ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನಾದರೂ ಬೇಕಾಗುತ್ತದೆ. ಮೀನು ತಿನ್ನುವವರಿಗೆ ಇದು ವರ, ಬಂಗಡೆ ಮೆತ್ತಗಿರುತ್ತದೆ, ಬೇಗ ಅರಗುತ್ತದೆ. ತೊಡಕು ಎಲ್ಲಿ ಅಂದರೆ ಇವರು ಸೋಮವಾರ ಮೀನು ಮುಟ್ಟುವುದಿಲ್ಲ, ಶ್ರಾವಣ ಪೂರ್ತಿ ಇಲ್ಲ, ಮತ್ತೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲವಾದ್ದರಿಂದ ಮೀನು ಸಿಕ್ಕರೂ ಕೈಗೆಟುಕದ ಬೆಲೆ. ಆ ದಿನಗಳಿಗೆ ಮೊಸರು, ಪನೀರು, ನುಣ್ಣಗೆ ಬೇಯಿಸಿದ ಹೆಸರುಬೇಳೆ, ಆಗುವ ದಿನ ಮೊಟ್ಟೆ ಅಂತ ಆಸ್ಪತ್ರೆಯ ಡಯಟಿಷಿಯನ್ ಜೊತೆ ಕೂತು ಬರೆಸಿಕೊಂಡು ಬರಲು ಹೇಳಿದೆ. ಉಪವಾಸ ಮೊದಲ ವರ್ಷ ಬೇಡವೇ ಬೇಡ ಅಂದೆ. ದೇವರಿಗೆ ಬೇರೆ ಸೇವೆ ಮಾಡಬಹುದು.

ನಡುವೆ ಚೌತಿ ಬಂತು. ಪಂಚಕಜ್ಜಾಯ, ಮೋದಕ, ಚಕ್ಕುಲಿ. "ಎಣಿಸಲಿಲ್ಲ, ತಿಂದೆ" ಅಂತ ಹಾಳೆಯಲ್ಲಿ ಬರೆದು ತಂದು, ಬೈಯ್ಯಿರಿ ಅನ್ನೋ ಹಾಗೆ ಮುಂದೆ ಇಟ್ಟರು. ನಾನು ಕೇಳಿದ್ದು ಒಂದೇ, ಮರುದಿನ ಬೆಳಿಗ್ಗೆ ಏನು ಮಾಡಿದ್ರಿ? ಮಾಮೂಲಿ ತಿಂಡಿ ತಿಂದರಂತೆ. ಮೊದಲಾಗಿದ್ದರೆ ಹೇಗೂ ಕೆಟ್ಟೋಯ್ತು ಅಂತ ವಾರವಿಡೀ ತಿನ್ನುತ್ತಿದ್ದೆ ಅಂದರು. ಅವರು ತಯಾರಾಗುತ್ತಿದ್ದಾರೆ ಅಂತ ನನಗೆ ಖಾತ್ರಿಯಾದದ್ದು ಅವತ್ತು.

ಒಂದು ಭಾನುವಾರ ಗಂಡನನ್ನೂ ಅತ್ತೆಯನ್ನೂ ಕರೆಸಿದೆ. ಅತ್ತೆಯದು ಒಂದೇ ಮಾತು, "ಉಣ್ಣೂದು ಕಮ್ಮಿ ಮಾಡಿದ್ರೆ ಸಾಲೂದಿಲ್ವಾ, ಹೊಟ್ಟೆ ಕೊಯ್ಸಿಕೊಳ್ಳಬೇಕಾ?" ಇದನ್ನ ಊರೆಲ್ಲ ಹೇಳುತ್ತದೆ, ಸುಲಭದ ದಾರಿ ಹಿಡಿದರು ಅಂತ. ಇಷ್ಟು ತೂಕ ಇರುವಾಗ ದೇಹವೇ ತೂಕ ಇಳಿಯದಂತೆ ಎಳೆದು ಹಿಡಿಯುತ್ತದೆ, ಡಯಟ್ ಮಾಡಿ ಇಳಿಸಿದ್ದನ್ನ ವಾಪಸ್ ತರುತ್ತದೆ, ಇದು ಮನಸ್ಸು ಗಟ್ಟಿ ಇಲ್ಲದ್ದಕ್ಕೆ ಬಂದದ್ದಲ್ಲ ಅಂತ ಅತ್ತೆಗೆ ಅರ್ಥವಾಗುವ ಹಾಗೆ ಹೇಳಿದೆ. ಮತ್ತೆ, "ಇನ್ನೊಂಚೂರು ಹಾಕ್ಕೋ" ಅನ್ನುವುದನ್ನ ಇವತ್ತಿನಿಂದ ನಿಲ್ಲಿಸಬೇಕು ಅಂದೆ. ಗಂಡನಿಗೆ ಹೇಳಿದ್ದು ಇಷ್ಟು: ತಟ್ಟೆಗೆ ಕಾವಲು ಕೂರಬೇಡಿ, ಎಷ್ಟು ಇಳಿಯಿತು ಅಂತ ದಿನಾ ಕೇಳಬೇಡಿ. ಮದುವೆ ಮನೆಯ ಮಾತನ್ನ ಶಾರದಾ ತಾವೇ ಎತ್ತಿದರು. ಗಂಡ ತಲೆ ತಗ್ಗಿಸಿ ಕೂತರು. ನಾನೂ ಮಾತಾಡಲಿಲ್ಲ, ಅದು ಅವರಿಬ್ಬರ ನಡುವೆ ಆಗಬೇಕಾದ ಮಾತು. ತೂಕ ಇಳಿದರೆ ದಾಂಪತ್ಯ ಸರಿಹೋಗುತ್ತದೆ ಅನ್ನುವ ಆಸೆ ಇಟ್ಟುಕೊಂಡು ಆಪರೇಷನ್ ಟೇಬಲ್ ಮೇಲೆ ಮಲಗಬಾರದು, ಇದನ್ನ ಮಾತ್ರ ಶಾರದಾರಿಗೆ ಬೇರೆಯಾಗಿ, ಖಡಾಖಂಡಿತ ಹೇಳಿದ್ದೇನೆ.

ಬೇರೆ ಸಂಗತಿಗಳೂ ಇದ್ದವು. ಆಪರೇಷನ್ ಆಗಿ ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರಬಹುದು, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಚರ್ಮ ಜೋತು ಬೀಳಬಹುದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪರ್ಯಂತ. ವಾಂತಿ ನಿಲ್ಲದಿದ್ದರೆ ಮನೆಮದ್ದು ಮಾಡುತ್ತ ಕೂರದೆ ಅವತ್ತೇ ಡಾಕ್ಟರಿಗೆ ಫೋನ್. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ವಾರಗಳ ಮುಂಚೆಯೇ ಬಿಡಬೇಕು. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಾದರೆ 12ರಿಂದ 18 ತಿಂಗಳು ಗರ್ಭ ಧರಿಸಬಾರದು.

ಆಪರೇಷನ್‌ಗೆ ಎರಡು ವಾರ ಇರುವಾಗ ಕಡಿಮೆ ಪಿಷ್ಟದ ಪಥ್ಯ ಶುರುವಾಯಿತು. ಇದು ಲಿವರ್ ಕುಗ್ಗಲಿಕ್ಕೆ. ಲಿವರ್ ಊದಿಕೊಂಡಿದ್ದರೆ ಅದರ ಕೆಳಗಿರುವ ಹೊಟ್ಟೆ, ಸಣ್ಣ ತೂತಿನಿಂದ ಒಳಗೆ ಬಿಡುವ ದುರ್ಬೀನಿಗೆ ಸರಿಯಾಗಿ ಸಿಗುವುದಿಲ್ಲ. ಸಕ್ಕರೆ ಮಾತ್ರೆಯನ್ನ ಡಾಕ್ಟರು ಆಗಲೇ ಕಡಿಮೆ ಮಾಡಿದರು, ಇದನ್ನ ಯಾರೂ ಸ್ವಂತ ಬುದ್ಧಿಯಿಂದ ಮಾಡಬಾರದು. ನಾಲ್ಕನೇ ದಿನ ಫೋನ್ ಮಾಡಿ, ಅತ್ತೆ ಮೇಲೆ ರೇಗಿದೆ, ಒಗ್ಗರಣೆ ವಾಸನೆಗೇ ಅಳು ಬಂತು ಅಂದರು. ಅಳಿ ಅಂದೆ. ಇಷ್ಟು ವರ್ಷ ಜೊತೆಗಿದ್ದದ್ದನ್ನ ಬಿಡುವಾಗ ದುಃಖ ಆಗೇ ಆಗುತ್ತದೆ.

ಆಪರೇಷನ್ ಆಗಿ ಒಂದು ವರ್ಷ ದಾಟಿದೆ. ತೂಕ 79ಕ್ಕೆ ಬಂದಿದೆ, ಸಕ್ಕರೆ ಮಾತ್ರೆ ನಿಂತಿದೆ, ಮೆಟ್ಟಿಲು ಹತ್ತುತ್ತಾರೆ. ಗಂಡ ಹೆಂಡತಿ ಇಬ್ಬರೂ ಈಗ ಒಟ್ಟಿಗೆ ಆಪ್ತಸಲಹೆಗೆ ಬರುತ್ತಿದ್ದಾರೆ, ಅಲ್ಲಿ ಕೆಲಸ ಇನ್ನೂ ಬಹಳ ಇದೆ. ಹೋದ ತಿಂಗಳ ಹಾಳೆಯಲ್ಲಿ ಹೊಸದೊಂದು ಕಂಡಿತು: ಸಂಜೆ ಚಹಾಕ್ಕೆ ಅದ್ದಿದ ಬಿಸ್ಕಿಟು, ಮೊದಲು ಎರಡು, ಈಗ ಆರು. ಬಿಸ್ಕಿಟು ಕರಗಿ ಜಾರಿ ಹೋಗುತ್ತದೆ, ಸಣ್ಣ ಹೊಟ್ಟೆಯೂ ತಡೆಯುವುದಿಲ್ಲ, ತೂಕ ವಾಪಸ್ ಬರೋದು ಇಂಥದ್ದರಿಂದಲೇ. ಅದರ ಪಕ್ಕದಲ್ಲಿ "ಹಸಿವು ಇಲ್ಲ" ಅಂತ ಅವರೇ ಬರೆದಿದ್ದಾರೆ. ಮುಂದಿನ ಭೇಟಿಗೆ ಸಂಜೆ 5 ಗಂಟೆಯ ಹೊತ್ತಿನ ಬಗ್ಗೆ ಮಾತಾಡಬೇಕು. ನೀವೂ ಇಂಥ ಆಪರೇಷನ್‌ಗೆ ಕಾಯುತ್ತಿದ್ದು, ಹತ್ತಿರದಲ್ಲಿ ಆಪ್ತಸಲಹೆಗಾರರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.