ಕೈತೋಟ ಪ್ರಶ್ನೋತ್ತರ: ಪುಸ್ತಕದ ಜೊತೆ ಒಂದು ಚಿಟಿಕೆ ಬೀಜ

ಪ್ರಶ್ನೆ: ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಬರುವ ಸುಮಾರು 100 ಮನೆಯವರಿಗೆ ಮಳೆಗಾಲದ ಮುಂಚೆ ತರಕಾರಿ ಬೀಜ ಹಂಚಬೇಕೆಂದಿದ್ದೇವೆ. ಯಾವ ಬೀಜ ತರುವುದು, ಒಬ್ಬೊಬ್ಬರಿಗೆ ಎಷ್ಟು ಕೊಡುವುದು?
– ಗ್ರಂಥಾಲಯ ಮೇಲ್ವಿಚಾರಕಿ, ಶಿರಸಿ ತಾಲ್ಲೂಕು

ಉತ್ತರ: ಐದು ಬಗೆ ಸಾಕು. ಇಪ್ಪತ್ತು ಬಗೆ ಹರಡಿಟ್ಟರೆ ಜನ ಎಲ್ಲದರಲ್ಲೂ ಒಂದೊಂದು ಪೊಟ್ಟಣ ಎತ್ತಿಕೊಂಡು ಹೋಗುತ್ತಾರೆ, ಬಿತ್ತುವುದು ಎರಡನ್ನೇ. ನಿಮ್ಮ ಕಡೆಗೆ ಬೆಂಡೆ, ಹೀರೆ, ಮುಳ್ಳುಸೌತೆ, ಅಲಸಂದೆ ಇರಲಿ. ಇವನ್ನು ಮೇ ಕೊನೆಯ ವಾರದೊಳಗೆ ಹಂಚಿ ಮುಗಿಸಿ. ಜಡಿಮಳೆ ಹಿಡಿದ ಮೇಲೆ ಬಿತ್ತಿದ ಬೀಜ ನೀರು ನಿಂತ ಮಣ್ಣಿನಲ್ಲೇ ಕೊಳೆಯುತ್ತದೆ. ಐದನೆಯದು ಹರಿವೆ. ಅದರ ಪೊಟ್ಟಣವನ್ನು ಈಗ ಕೊಡಬೇಡಿ, ಮಳೆ ಹಿಂದೆ ಸರಿದ ಮೇಲೆ ಕೊಡಿ. ದಪ್ಪ ಹನಿ ಬಿದ್ದರೆ ಎಳೆ ಹರಿವೆ ನೆಲಕ್ಕೆ ಒರಗಿಬಿಡುತ್ತದೆ. ಬಯಲುಸೀಮೆಯ ಗ್ರಂಥಾಲಯಗಳು ಐದನ್ನೂ ಜೂನ್‌ನಲ್ಲೇ ಕೊಡಬಹುದು.

ಮನೆಯೊಂದಕ್ಕೆ ಬೆಂಡೆ 20 ಕಾಳು, ಅಲಸಂದೆ 20, ಹೀರೆ 6, ಮುಳ್ಳುಸೌತೆ 6, ಹರಿವೆ 1 ಗ್ರಾಂ. ಒಂದು ಗ್ರಾಂ ಹರಿವೆಯಲ್ಲಿ ಸಾವಿರಕ್ಕೂ ಹೆಚ್ಚು ಬೀಜ ಇರುತ್ತವೆ, ಒಂದು ಚದರ ಮೀಟರ್ ಮಡಿಗೆ ಧಾರಾಳ. ಬೆಂಡೆ ಬೀಜ ಗ್ರಾಂಗೆ ಹೆಚ್ಚುಕಡಿಮೆ 15 ತೂಗುವುದರಿಂದ 100 ಮನೆಗೆ 150 ಗ್ರಾಂ ತಂದರೆ ಮೊಳಕೆ ಪರೀಕ್ಷೆಗೂ ಉಳಿಯುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿಯನ್ನು ಹೊಸಬರಿಗೆ ಬೀಜವಾಗಿ ಕೊಡುವುದಕ್ಕಿಂತ ಗ್ರಂಥಾಲಯದಲ್ಲೇ ಸಸಿ ಎಬ್ಬಿಸಿ, 25–30 ದಿನವಾದ ಮೇಲೆ ಕೊಡುವುದು ಒಳ್ಳೆಯದು.

ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳಲ್ಲಿ ಬೆಂಡೆಗೆ ಅನಾಮಿಕ, ಹೀರೆಗೆ ಸುಮೀತ್, ಅಲಸಂದೆಗೆ ಗರಿಮಾ, ಹರಿವೆಗೆ ಸುಗುಣ ಇವೆ. ನಾಲ್ಕೂ ಹೈಬ್ರಿಡ್ ಅಲ್ಲ, ಬೀಜ ಕಟ್ಟಿ ಮತ್ತೆ ಬಿತ್ತಬಹುದು. ಆದರೆ ಅದೇ ಸಂಸ್ಥೆಯ ಟೊಮೆಟೊ ಅರ್ಕಾ ರಕ್ಷಕ್ ಹೈಬ್ರಿಡ್. ಅದರ ಹಣ್ಣಿನ ಬೀಜದಿಂದ ಬರುವ ಗಿಡಗಳು ಒಂದರಂತೆ ಒಂದಿರುವುದಿಲ್ಲ. ನಿಮ್ಮೂರಲ್ಲೇ ಯಾರಾದರೂ ವರ್ಷ ವರ್ಷ ಬೀಜ ತೆಗೆದಿಡುತ್ತಿದ್ದರೆ ಮೊದಲು ಅವರನ್ನೇ ಕೇಳಿ.

ಇನ್ನೊಂದು ಮಾತು. ಗುಲಾಬಿ, ಹಸಿರು, ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಮಕ್ಕಳು ಓಡಾಡುವ ಗ್ರಂಥಾಲಯದಲ್ಲಿ ಅದನ್ನು ಬಿಚ್ಚಿ ಸಣ್ಣ ಪೊಟ್ಟಣ ಕಟ್ಟುವುದು ಬೇಡವೇ ಬೇಡ. ಕೊಳ್ಳುವಾಗಲೇ ‘ಬೀಜೋಪಚಾರ ಮಾಡದ ಬೀಜ’ ಎಂದು ಕೇಳಿ.

ಪ್ರಶ್ನೆ: ಕಳೆದ ವರ್ಷ ಹಂಚಿ ಉಳಿದ ಪೊಟ್ಟಣಗಳು ಮೇಜಿನ ಡ್ರಾಯರ್‌ನಲ್ಲಿವೆ. ನೀರಿಗೆ ಹಾಕಿ, ಮುಳುಗಿದ್ದನ್ನು ಮಾತ್ರ ಕೊಡಬಹುದೇ?
– ಓದುಗರು, ದಾವಣಗೆರೆ

ಉತ್ತರ: ಆ ಪರೀಕ್ಷೆಯನ್ನು ನಂಬಬೇಡಿ. ಬಳ್ಳಿ ತರಕಾರಿಗಳ ಒಳ್ಳೆಯ ಬೀಜವೂ ಸಿಪ್ಪೆಯೊಳಗಿನ ಗಾಳಿಯಿಂದ ತೇಲುತ್ತದೆ, ಜೀವ ಹೋದ ಬೆಂಡೆ ಬೀಜ ಠಣ್ಣನೆ ಮುಳುಗುತ್ತದೆ. ನೆಂದ ಬೀಜವನ್ನು ಮತ್ತೆ ಒಣಗಿಸಿ ಹಂಚುವ ಹಾಗೂ ಇಲ್ಲ.

ಪ್ರತಿ ಬಗೆಯಿಂದ 20 ಬೀಜ ಎಣಿಸಿಕೊಳ್ಳಿ. ಹಳೆಯ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ, ಹನಿ ತೊಟ್ಟಿಕ್ಕದಂತೆ ಹಿಂಡಿ, ಬೀಜ ಒಂದಕ್ಕೊಂದು ತಾಗದಂತೆ ಹರಡಿ ಸುತ್ತಿ, ಡಬ್ಬಿಯಲ್ಲಿಟ್ಟು ಮುಚ್ಚಳವನ್ನು ಸಡಿಲವಾಗಿ ಮುಚ್ಚಿ. ಬಟ್ಟೆ ನೀರಲ್ಲಿ ಮುಳುಗಿದಂತಿದ್ದರೆ ಬೀಜಕ್ಕೆ ಉಸಿರಾಡಲು ಗಾಳಿ ಸಿಗದೆ ಕೊಳೆತು, ಬೀಜವೇ ಕೆಟ್ಟಿತ್ತೆಂದು ತಪ್ಪು ತಿಳಿಯುತ್ತೀರಿ. ಅಲಸಂದೆ, ಬೀನ್ಸ್ ಒಂದು ವಾರದಲ್ಲಿ ತಿಳಿಯುತ್ತದೆ. ಬದನೆ, ಮೆಣಸಿನಕಾಯಿಗೆ 14 ದಿನ ಕಾಯಬೇಕು. 20ರಲ್ಲಿ 16 ಮೊಳೆತರೆ 80 ಪ್ರತಿಶತ, ಹಂಚಿ. 10ರಿಂದ 15 ಬಂದರೆ ಕಾಳು ಹೆಚ್ಚು ಹಾಕಿ, ಪೊಟ್ಟಣದ ಮೇಲೆ ಹಾಗೆಂದು ಬರೆಯಿರಿ. ಅದಕ್ಕೂ ಕಡಿಮೆಯಾದರೆ ಗೊಬ್ಬರದ ಗುಂಡಿಗೆ. ಈರುಳ್ಳಿ ಬೀಜ ವರ್ಷ ದಾಟಿದ್ದರೆ ಪರೀಕ್ಷೆಯಲ್ಲಿ ಸೋಲುವುದೇ ಹೆಚ್ಚು. ಟೊಮೆಟೊ, ಸೌತೆ ಜಾತಿಯವು ಮೂರು ನಾಲ್ಕು ವರ್ಷ ಬಾಳುತ್ತವೆ, ಒಣಗಿದ್ದರೆ.

ಆ ‘ಒಣಗಿದ್ದರೆ’ಯಲ್ಲೇ ಎಲ್ಲ ಇದೆ. ಬೀಜದ ತೇವಾಂಶ ಒಂದು ಪ್ರತಿಶತ ಇಳಿದರೆ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ, ಇಡುವ ಜಾಗದ ಶಾಖ 5 ಡಿಗ್ರಿ ಇಳಿದರೂ ಅಷ್ಟೇ. ಮಳೆಗಾಲದಲ್ಲಿ ಡ್ರಾಯರ್‌ನ ಕಾಗದದ ಪೊಟ್ಟಣ ಗಾಳಿಯ ತೇವ ಹೀರಿಕೊಂಡೇ ಇರುತ್ತದೆ. ನೆರಳಲ್ಲಿ ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲದ ಜೊತೆ ಇಡಿ. ಫ್ರಿಜ್‌ನಲ್ಲಿಟ್ಟರೆ ಹೊರತೆಗೆದ ಕೂಡಲೇ ಮುಚ್ಚಳ ತೆಗೆಯಬೇಡಿ. ತಣ್ಣನೆಯ ಬೀಜದ ಮೇಲೆ ಬೆವರಿನಂತೆ ನೀರು ಕೂರುತ್ತದೆ. ಡಬ್ಬಿ ಕೋಣೆಯ ಶಾಖಕ್ಕೆ ಬರಲಿ, ಆಮೇಲೆ ತೆರೆಯಿರಿ.

ಪ್ರಶ್ನೆ: ಗ್ರಂಥಾಲಯದಲ್ಲಿ ಕೊಟ್ಟ ದಂಟಿನ ಬೀಜ ತಾರಸಿಯ ಕುಂಡದಲ್ಲಿ ಹುಟ್ಟಲೇ ಇಲ್ಲ. ಬೀಜ ಹಳೆಯದೇ?
– ಓದುಗರು, ಬೆಂಗಳೂರು

ಉತ್ತರ: ಆಳವಾಗಿ ಹೂತಿರಬೇಕು, ಇಲ್ಲವೇ ಇರುವೆ ಹೊತ್ತಿರಬೇಕು. ಬೀಜದ ದಪ್ಪದ ಎರಡು ಮೂರು ಪಟ್ಟು ಮಣ್ಣು ಮುಚ್ಚುವುದು ರೂಢಿ. ಸಾಸಿವೆಗಿಂತ ಸಣ್ಣ ದಂಟಿನ ಬೀಜಕ್ಕೆ ಹಾಗೆಂದರೆ ಉದುರಿಸಿ ಕೈಯಾಡಿಸಿದರೆ ಮುಗಿಯಿತು. ಒಂದು ಚಮಚ ಬೀಜಕ್ಕೆ ಹತ್ತು ಚಮಚ ಒಣ ಮರಳು ಬೆರೆಸಿ ಎರಚಿ, ಒದ್ದೆ ಗೋಣಿ ಹೊದಿಸಿ, ಮೊಳಕೆ ಕಂಡ ದಿನವೇ ಗೋಣಿ ತೆಗೆಯಿರಿ. ಒಂದು ದಿನ ತಡವಾದರೂ ಸಸಿ ಬಿಳಿಚಿ ಉದ್ದವಾಗುತ್ತದೆ. ಕುಂಡದ ಸುತ್ತ ಬೂದಿ ಹಾಕಿದರೆ ಇರುವೆ ತಡೆಯುತ್ತದೆ, ಬೂದಿ ನೆನೆದರೆ ಮತ್ತೆ ಹಾಕಬೇಕು. ನೀರನ್ನು ಚೊಂಬಿನಿಂದ ಸುರಿಯದೆ ಚಿಮುಕಿಸಿ.

ಪ್ರಶ್ನೆ: ಜನವರಿಯಲ್ಲಿ ಸಿಕ್ಕ ನಾಟಿ ಅವರೆ ಬೀಜ ಹಾಕಿದೆ. ಬಳ್ಳಿ ಚಪ್ಪರ ತುಂಬಿದೆ, ಹೂವೇ ಇಲ್ಲ.
– ಓದುಗರು, ಕೋಲಾರ

ಉತ್ತರ: ಗೊಬ್ಬರದ ತಪ್ಪಲ್ಲ. ನಾಟಿ ಅವರೆ ಹಗಲು ಕುಗ್ಗಿದಾಗಲೇ ಹೂ ಬಿಡುವ ಬೆಳೆ. ಅದಕ್ಕೇ ಮಳೆಗಾಲದಲ್ಲಿ ಬಿತ್ತಿದ್ದು ಚಳಿಗಾಲಕ್ಕೆ ಸೊಗಡು ಕಟ್ಟುತ್ತದೆ. ಬೇಸಿಗೆಗೆ ಬೇಕಿದ್ದರೆ ಅರ್ಕಾ ಜಯ್, ಅರ್ಕಾ ವಿಜಯ್‌ನಂಥ ಗಿಡ ಅವರೆ ಹಾಕಿ, ಅವು ಹಗಲಿನ ಉದ್ದ ನೋಡುವುದಿಲ್ಲ. ಹಂಚುವವರು ಪೊಟ್ಟಣದ ಮೇಲೆ ಬಿತ್ತುವ ತಿಂಗಳು ಬರೆದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಪ್ರಶ್ನೆ: ಬೀಜ ಪಡೆದವರು ಬೆಳೆದ ಮೇಲೆ ಎರಡು ಪಾಲು ವಾಪಸ್ ಕೊಡಬೇಕೆಂಬ ನಿಯಮ ಮಾಡಿದ್ದೇವೆ. ಎಲ್ಲ ತರಕಾರಿಗೂ ಸರಿಹೋಗುತ್ತದೆಯೇ?
– ಗ್ರಂಥಾಲಯದ ಓದುಗರ ಬಳಗ, ಪುತ್ತೂರು

ಉತ್ತರ: ಇಲ್ಲ. ಟೊಮೆಟೊ, ಅಲಸಂದೆ, ಬೀನ್ಸ್ ಹೆಚ್ಚಾಗಿ ತಮ್ಮ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತವೆ, ಅವನ್ನು ವಾಪಸ್ ಪಡೆಯಿರಿ. ಬೆಂಡೆ, ಮೆಣಸಿನಕಾಯಿಗೆ ಜೇನ್ನೊಣ ಬೇರೆ ತಳಿಯ ಪರಾಗ ತರುತ್ತದೆ. ಹರಿವೆಯದು ಗಾಳಿಯಲ್ಲೇ ಹಾರಿಬರುತ್ತದೆ: ಕೆಂಪು, ಹಸಿರು ಎರಡೂ ಅಕ್ಕಪಕ್ಕ ಹೂಬಿಟ್ಟರೆ ಮುಂದಿನ ವರ್ಷ ನಡುಬಣ್ಣದ್ದು ಬಂದೀತು.

ಬಳ್ಳಿಗಳ ವಿಷಯ ಬೇರೆ. ಹೀರೆ, ಹಾಗಲ, ಸೋರೆ ಒಂದೇ ಚಪ್ಪರದಲ್ಲಿದ್ದರೂ ಒಂದಕ್ಕೊಂದು ಬೆರಕೆಯಾಗುವುದಿಲ್ಲ. ನಿಮ್ಮೂರ ಸಾಂಬಾರ್ ಸೌತೆಯೂ ಮುಳ್ಳುಸೌತೆಯೂ ಬೇರೆ ಬೇರೆ ಜಾತಿ, ಭಯವಿಲ್ಲ. ಆದರೆ ಸಾಂಬಾರ್ ಸೌತೆ ಮತ್ತು ಕರಬೂಜ ಒಂದೇ ಜಾತಿ, ಅವು ಬೆರೆಯುತ್ತವೆ. ಎರಡು ಬಗೆಯ ಸೋರೆ ಇದ್ದರೂ ಹಾಗೆಯೇ. ಬೆರಕೆಯ ಗುಣ ಈ ವರ್ಷದ ಕಾಯಿಯಲ್ಲಿ ಕಾಣದು, ಅದರ ಬೀಜ ಬಿತ್ತಿದಾಗ ಕಾಣುತ್ತದೆ. ಉಳಿಸಿದ ಬೀಜದಿಂದ ಬಂದ ಸೋರೆ ಕಹಿಯಾಗಿದ್ದರೆ ತಿನ್ನಲೇಬಾರದು. ಕಹಿಗೆ ಕಾರಣವಾದ ಕುಕರ್ಬಿಟಾಸಿನ್ ಬೇಯಿಸಿದರೂ ಹೋಗುವುದಿಲ್ಲ, ವಾಂತಿ, ರಕ್ತಭೇದಿ ತರುತ್ತದೆ. ಆ ಬಳ್ಳಿಯ ಬೀಜವನ್ನೂ ಯಾರಿಗೂ ಕೊಡಬೇಡಿ.

ಬಳ್ಳಿಯ ಬೀಜ ಬೇಕೇ ಬೇಕೆಂದರೆ, ಮರುದಿನ ಅರಳಲಿರುವ ಗಂಡು, ಹೆಣ್ಣು ಮೊಗ್ಗುಗಳ ತುದಿಯನ್ನು ಹಿಂದಿನ ದಿನವೇ ದಾರದಿಂದ ಕಟ್ಟಿ. ಅರಳುವ ಹೊತ್ತಿಗೆ ದಾರ ಬಿಚ್ಚಿ, ಗಂಡು ಹೂವನ್ನು ಹೆಣ್ಣಿಗೆ ತಾಗಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ ಗುರುತಿಗೆ ರಿಬ್ಬನ್ ಹಾಕಿ. ಸೌತೆಗೆ ಇದು ಬೆಳಗಿನ ಕೆಲಸ. ಹೀರೆ ಅರಳುವುದು ಸಂಜೆ ಐದರ ಮೇಲೆ.

ಟೊಮೆಟೊ ಬೀಜವನ್ನು ಪೂರ್ತಿ ಹಣ್ಣಾದ ಮೇಲೆ ತಿರುಳಿನೊಂದಿಗೆ ಲೋಟಕ್ಕೆ ಹಿಂಡಿ, ನೀರು ಹಾಕದೆ ಒಂದೆರಡು ದಿನ ಹುಳಿಯಲು ಬಿಡಿ. ಸುತ್ತಲಿನ ಲೋಳೆ ಬಿಟ್ಟ ಕೂಡಲೇ ತೊಳೆದು ತಟ್ಟೆಯಲ್ಲಿ ಒಣಗಿಸಿ. ಕಾಗದದ ಮೇಲಾದರೆ ಅಂಟಿಕೊಳ್ಳುತ್ತದೆ. ಪುತ್ತೂರಿನ ಸೆಕೆಯಲ್ಲಿ ಮೂರನೇ ದಿನಕ್ಕೆ ಬಿಟ್ಟರೆ ಲೋಟದಲ್ಲೇ ಮೊಳೆಯುತ್ತದೆ.